ಮಿರ್ಚಿ ಬಿಟ್ಟ ಹಣ ಅಂದೇ ಡಬ್ಬಿಗೆ

ದಾನಕ್ಕಾಗಿ ದಿನದ ಮಂಡಕ್ಕಿ-ಮಿರ್ಚಿ ತಿನ್ನುವುದನ್ನು ಬಿಡುವವರು ಹಾಗೆ ಉಳಿದ ಹಣವನ್ನು ತಿಂಗಳ ಕೊನೆಗೆ ಲೆಕ್ಕ ಹಾಕಬೇಡಿ; ದಿನವೂ ಸಂಜೆ, ತಿನ್ನುವ ಹೊತ್ತಿಗೇ ಡಬ್ಬಿಗೆ ಹಾಕಿ. ಕಿಸೆಯಲ್ಲೇ ಉಳಿದರೆ ತರಕಾರಿಗೋ ರೀಚಾರ್ಜಿಗೋ ಕರಗಿಹೋಗುತ್ತದೆ. ದಿನಕ್ಕೆ 30 ರೂಪಾಯಿಯಂತೆ 26 ದಿನಕ್ಕೆ 780 ರೂಪಾಯಿ. ಸರ್ಕಾರಿ ಶಾಲೆಯ ಒಂದು ಮಗುವಿನ ನೋಟ್‌ಬುಕ್, ಪೆನ್ನುಗಳಿಗೆ ಧಾರಾಳವಾಯಿತು. ಹಣ ಯಾರಿಗೆಂದು ಡಬ್ಬಿಯ ಮೇಲೆ ಬರೆದಿಡಿ, ಇದು ಬಹಳ ಮುಖ್ಯ: ಮಗುವಿನ ಪಾಲಿಗೆ ಕೈ ಹಾಕಲು ಮನಸ್ಸು ಬರುವುದಿಲ್ಲ. ಮಿರ್ಚಿ ಬಿಟ್ಟು ಗೋಬಿ ಮಂಚೂರಿ ತಿಂದರೆ ಏನೂ ಉಳಿಯದು. ಅಪರೂಪಕ್ಕೊಮ್ಮೆ ಮಾತ್ರ ತಿನ್ನುವ ತಿಂಡಿಯನ್ನು ಬಿಟ್ಟರೂ ಡಬ್ಬಿ ತುಂಬದು. ನಮ್ಮ ದಾವಣಗೆರೆಯಲ್ಲಿ ನೆಂಟರು ಬಂದರೆ ಬೆಣ್ಣೆ ದೋಸೆ ತಪ್ಪಿಸಲಾಗದು. ಅಂದು ಅವರೊಡನೆ ತಿಂದು, ಮರುದಿನದಿಂದ ಮುಂದುವರಿಸಿ.