ಮಳೆಗಾಲದ ಹುಟ್ಟುಹಬ್ಬ ಮತ್ತು ಮೊಳಕೆ ರಾಗಿ: ನನ್ನ ಅನುಭವ

ಮಗಳಿಗೆ ಈ ಆಗಸ್ಟ್‌ನಲ್ಲಿ ಮೂರು ವರ್ಷ ತುಂಬಿತು. ಅಂಗನವಾಡಿಯ ತಕ್ಕಡಿಯಲ್ಲಿ ತೂಕ 12 ಕಿಲೋ ದಾಟಿದೆ, ಎತ್ತರ ಹೆಚ್ಚುಕಡಿಮೆ 91 ಸೆಂಟಿಮೀಟರ್ ಇದೆ. ಮೂರು ವರ್ಷದ ಹೆಣ್ಣುಮಕ್ಕಳ ಮಧ್ಯದ ಗೆರೆ 13.9 ಕಿಲೋ ಎಂಬುದು ನನಗೆ ಗೊತ್ತು. ಅದನ್ನು ಅವಳು ಇನ್ನೂ ಮುಟ್ಟಿಲ್ಲವಾದರೂ ಮಗುವಿನ ತೂಕ ಗುರುತಿಸುವ ತಾಯಿ ಕಾರ್ಡಿನ ಹಸಿರು ಪಟ್ಟಿಯೊಳಗೆ ಗಟ್ಟಿಯಾಗಿ ನಿಂತಿದ್ದಾಳೆ. ಅದಕ್ಕಿಂತ ಹೆಚ್ಚಾಗಿ, ಮೊಳಕೆ ರಾಗಿಯ ಸರಿ (ಮಕ್ಕಳಿಗೆ ಕೊಡುವ ಗಂಜಿ) ತಿನ್ನಿಸಿದ ಈ ಸಲ ಜೂನ್‌ನಿಂದ ಆಗಸ್ಟ್‌ವರೆಗೆ ಅವಳ ತೂಕದ ಗೆರೆ ಒಮ್ಮೆಯೂ ಕೆಳಗಿಳಿಯಲಿಲ್ಲ. ‘ರಾಗಿ ಶೀತ, ಮಳೆಗಾಲದಲ್ಲಿ ಕೂಸಿಗೆ ಬೇಡವೇ ಬೇಡ’ ಎಂದು ಮನೆಯಲ್ಲಿಯೂ ನೆಂಟರಲ್ಲಿಯೂ ಎಲ್ಲರೂ ಹೇಳುತ್ತಿದ್ದುದರಿಂದ, ಇದನ್ನು ಬರೆದಿಡಬೇಕೆನಿಸಿತು.

ಅವಳು ಹುಟ್ಟಿದಾಗ 2.3 ಕಿಲೋ ಇದ್ದಳು. ಮೊದಲ ಹುಟ್ಟುಹಬ್ಬದ ವೇಳೆಗೆ ತೂಕ 6.8ರ ಆಸುಪಾಸಿಗೆ ಬಂದಿತ್ತು. ವರ್ಷಕ್ಕೆ ಹುಟ್ಟುತೂಕದ ಮೂರುಪಟ್ಟು ಆಗಬೇಕು ಎಂಬ ಲೆಕ್ಕದಲ್ಲಿ ಅದು ಸರಿಯೇ, ಆದ್ದರಿಂದ ಅತ್ತೆಯವರು ‘ನಮ್ಮ ವಂಶವೇ ಸಣ್ಣ ಮೈಯದು’ ಎಂದು ಸಮಾಧಾನಪಟ್ಟುಕೊಂಡರು. ಆದರೆ ಕಾರ್ಡಿನಲ್ಲಿ ಚುಕ್ಕೆ ಬಿದ್ದದ್ದು ತೂಕ ಕಡಿಮೆ ಎಂದು ತೋರಿಸುವ ಹಳದಿ ಪಟ್ಟಿಯಲ್ಲಿ. ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಮೂರುಪಟ್ಟಿನ ಲೆಕ್ಕ ಸಾಲದು ಎಂಬುದು ನನಗೆ ಅಲ್ಲಿಯೇ ಸ್ಪಷ್ಟವಾಯಿತು. ಹಿಂದಿನ ತಿಂಗಳುಗಳ ಚುಕ್ಕೆಗಳನ್ನು ಕೂಡಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಮೇ ತಿಂಗಳವರೆಗೆ ಏರಿದ್ದ ಗೆರೆ ಮಳೆ ಹಿಡಿದ ಕೂಡಲೇ ನಿಂತಿತ್ತು. ನೆಗಡಿ, ಜ್ವರ, ಊಟ ಬೇಡ ಎನ್ನುವುದು, ಮತ್ತೆ ನೆಗಡಿ. ನಮ್ಮ ಕೊಡಗಿನ ಸೋಮವಾರಪೇಟೆ ಕಡೆಯ ಮಳೆಯಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿನ ಹುಟ್ಟುಹಬ್ಬ ಪ್ರತಿ ವರ್ಷವೂ ಅದರ ತೂಕ ಅತ್ಯಂತ ಸೊರಗಿದ ತಿಂಗಳಿನಲ್ಲಿಯೇ ಬರುತ್ತದೆ.

ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ, ಊಟ ಹೆಚ್ಚಿಸಿ ಎಂದರು. ಮೊದಲು ನಾವು ಡಬ್ಬದ ಪುಡಿಗಳಿಗೆ ಮೊರೆಹೋದೆವು. ಒಂದು ಡಬ್ಬಕ್ಕೆ ಸುಮಾರು 700 ರೂಪಾಯಿ, ಹತ್ತು ಹನ್ನೆರಡು ದಿನಕ್ಕೆ ಖಾಲಿ. ದೀಪಾವಳಿಯ ಹೊತ್ತಿಗೆ ಆರೇಳು ಸಾವಿರ ಹೋಗಿತ್ತು, ತೂಕ ಮಾತ್ರ ಕಾಲು ಕಿಲೋ ಏರಿದ್ದರೆ ಹೆಚ್ಚು. ಆಗ ನಾನು ನನ್ನ ತವರಿನ ಮೊಳಕೆ ರಾಗಿಗೆ ತಿರುಗಿದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ನಿಮಗೆಲ್ಲ ತಿಳಿದದ್ದೇ. ಪಿರಿಯಾಪಟ್ಟಣದ ಕಡೆಯ ಹೊಸ ರಾಗಿ ಕಿಲೋಗೆ 40 ರೂಪಾಯಿಯ ಹತ್ತಿರ ಸಿಗುತ್ತಿತ್ತು.

ಕೊಡಗಿನಲ್ಲಿ ಕಷ್ಟವಿರುವುದು ಮೊಳಕೆ ಬರಿಸುವುದರಲ್ಲಲ್ಲ, ಒಣಗಿಸುವುದರಲ್ಲಿ. ನವೆಂಬರ್‌ನಿಂದ ಮೇವರೆಗೆ ಕಾಫಿ ಕಣದ ಒಂದು ಮೂಲೆಯಲ್ಲಿ ಬಟ್ಟೆ ಹಾಸಿದರೆ ಎರಡು ಬಿಸಿಲಿಗೆ ಕೆಲಸ ಮುಗಿಯುತ್ತದೆ. ಜೂನ್ ಬಂದರೆ ಕಥೆಯೇ ಬೇರೆ. ಒಲೆಯ ಮೇಲಿನ ಅಟ್ಟದಲ್ಲಿ ಹರಡಿದ ರಾಗಿಗೆ ಹೊಗೆ ಹಿಡಿಯಿತು, ಮಗಳು ಒಂದು ಚಮಚವನ್ನೂ ನುಂಗಲಿಲ್ಲ. ಫ್ಯಾನಿನ ಕೆಳಗೆ ಹರಡಿದ ರಾಗಿ ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಬಂದು ಕೋಳಿಗಳಿಗೂ ಕೊಡದೆ ಗೊಬ್ಬರದ ಗುಂಡಿಗೆ ಹೋಯಿತು. ಬಲ್ಬು ಹಾಕಿದ ಮರದ ಪೆಟ್ಟಿಗೆಯೊಂದನ್ನು ಸುಮಾರು 1,500 ರೂಪಾಯಿ ಕೊಟ್ಟು ಮಾಡಿಸಿದೆವು. ಮರ ಬಿದ್ದು ಕರೆಂಟ್ ಹೋದರೆ ವಾರಗಟ್ಟಲೆ ಬಾರದ ಊರಿನಲ್ಲಿ ಅದೂ ನಿಲ್ಲಲಿಲ್ಲ. ಕೊನೆಗೆ ಕೈಹಿಡಿದದ್ದು ಪಕ್ಕದ ತೋಟದವರು ಏಲಕ್ಕಿ ಒಣಗಿಸುವ ಕೋಣೆ. ಅಲ್ಲಿಯ ಶಾಖ 50 ಡಿಗ್ರಿಯ ಆಚೀಚೆ ಇರುತ್ತದೆ, ಹೊಗೆ ಒಳಗೆ ಬರುವುದಿಲ್ಲ. ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಕಾಳು ಹಲ್ಲಿನಡಿ ಟಕ್ಕೆನ್ನುತ್ತದೆ, ಮೊಳಕೆಯನ್ನು ಅಂಗೈಯಲ್ಲಿ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಜೊತೆಗೆ ತೆಳುವಾದ ಏಲಕ್ಕಿ ಪರಿಮಳವೂ ಹತ್ತುತ್ತದೆ, ಮಗಳಿಗೆ ಅದು ಬಹಳ ಹಿಡಿಸಿತು. ಹಿಟ್ಟು ಮಾಡಿಟ್ಟರೆ ಮಳೆಗಾಲದಲ್ಲಿ ಬೇಗ ಕಮಟುತ್ತದೆಂದು ನಾನು ಒಣಗಿದ ಕಾಳನ್ನೇ ಸ್ಟೀಲ್ ಡಬ್ಬದಲ್ಲಿಟ್ಟು, ಹದಿನೈದು ಇಪ್ಪತ್ತು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸುತ್ತೇನೆ.

ಎರಡನೆಯ ಸಂಗತಿಯನ್ನು ಹೆಚ್ಚಿನವರು ನಂಬುವುದಿಲ್ಲ. ಪರಿಮಳಕ್ಕಾಗಿ ಮೊಳಕೆ ರಾಗಿಯನ್ನು ಕೆಂಪಗೆ ಹುರಿಯುವುದು ನಮ್ಮಲ್ಲಿ ರೂಢಿ. ಹಾಗೆ ಹುರಿದರೆ ಗಟ್ಟಿ ಸರಿಯನ್ನು ತೆಳುವಾಗಿಸುವ ಮೊಳಕೆಯ ಮುಖ್ಯ ಗುಣವೇ ಹೋಗುತ್ತದೆ. ನಾನು ಹುರಿಯುವುದನ್ನು ಪೂರ್ತಿ ಬಿಟ್ಟೆ. ಮಾಮೂಲಿ ರಾಗಿ ಹಿಟ್ಟನ್ನು ಹಾಲು ಹಾಕಿ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿ, ಕೆಳಗಿಳಿಸಿ, ಬೆರಳು ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯಿರುವಾಗ ಒಂದು ಚಮಚ ಮೊಳಕೆ ಹಿಟ್ಟನ್ನು ಕಲಸಿದರೆ, ಐದಾರು ನಿಮಿಷದಲ್ಲಿ ನಿಂತಿದ್ದ ಚಮಚ ತಾನಾಗಿ ಒರಗುತ್ತದೆ, ಸರಿ ಮಜ್ಜಿಗೆಹುಳಿಯ ಹದಕ್ಕೆ ಬರುತ್ತದೆ. ಹಸಿ ಹಿಟ್ಟು ಸೇರಿರುವುದರಿಂದ ಅದನ್ನು ಮತ್ತೊಮ್ಮೆ ಕುದಿಸಿಯೇ ಕೊಡಬೇಕು, ಇದರಲ್ಲಿ ರಾಜಿಯಿಲ್ಲ. ನೀರು ಬೆರೆಸಿ ತೆಳುಮಾಡಿದ ಸರಿಯಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಸತ್ವ ಅರ್ಧವೂ ಇರುವುದಿಲ್ಲ; ಈ ಸರಿಯಲ್ಲಿ ಗಟ್ಟಿ ಸರಿಯ ಸತ್ವವೆಲ್ಲ ತೆಳುವಾಗಿ ಒಳಗೆ ಹೋಗುತ್ತದೆ. ನೆಗಡಿ ಹಿಡಿದು ಅಗಿಯಲು ಒಲ್ಲದ ದಿನಗಳಲ್ಲಿಯೂ ಅವಳು ಬಟ್ಟಲು ಖಾಲಿ ಮಾಡಿದ್ದು ಇದರಿಂದಲೇ. ಮೊಳಕೆ ಹಿಟ್ಟಿಗೆ ನಾನು ಇನ್ನೊಂದು ಕಾಳನ್ನೂ ಸೇರಿಸುತ್ತೇನೆ, ಅದರ ಹೆಸರನ್ನೂ ಪ್ರಮಾಣವನ್ನೂ ಸದ್ಯಕ್ಕೆ ನಮ್ಮ ಅಡುಗೆಮನೆಯಲ್ಲಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ನೇಂದ್ರ ಬಾಳೆಕಾಯಿಯ ಪುಡಿ ಕಪ್ಪಾಯಿತು, ಮಗಳಿಗೆ ಮಲ ಗಟ್ಟಿಯಾಯಿತು, ಬಿಟ್ಟೆವು. ನಮ್ಮ ತೋಟದ ನೆರಳಿನ ಮರಗಳ ನಡುವೆ ಬೆಳೆದ ಬೆಣ್ಣೆಹಣ್ಣು ಮಾತ್ರ ನಿಜವಾಗಿ ಕೆಲಸಕ್ಕೆ ಬಂತು. ಮಳೆಯ ಆರಂಭದಲ್ಲಿ ರಾಶಿ ಬಿದ್ದು ಕೊಳೆಯುವ ಹಣ್ಣನ್ನು ಕಿವುಚಿ ಸರಿಗೆ ಸೇರಿಸಿದರೆ ತುಪ್ಪದ ಖರ್ಚೇ ಉಳಿಯುತ್ತದೆ. ಜೇನಿನ ವಿಷಯದಲ್ಲಿ ನೆಂಟರೊಂದಿಗೆ ಸಾಕಷ್ಟು ವಾದವಾಯಿತು. ಕೊಡಗಿನಲ್ಲಿ ಕೂಸನ್ನು ನೋಡಲು ಬಂದವರು ಜೇನು ನೆಕ್ಕಿಸುವವರೇ. ಒಂದು ವರ್ಷ ತುಂಬುವವರೆಗೆ ಜೇನು ಮಗುವಿಗೆ ಅಪಾಯಕಾರಿ, ಆದ್ದರಿಂದ ಮೊದಲ ಹುಟ್ಟುಹಬ್ಬದವರೆಗೆ ನಾನು ಒಂದು ಹನಿಯನ್ನೂ ನೆಕ್ಕಿಸಲು ಬಿಡಲಿಲ್ಲ. ಆಮೇಲೆ ಕಡಂಬುಟ್ಟಿನೊಂದಿಗೆ (ಅಕ್ಕಿತರಿಯ ಉಂಡೆ) ತಿನ್ನಲಿ ಎಂದು ಬಿಟ್ಟೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಔಷಧಿಯೆಂದು ಮಾಡುವ ಮದ್ದು ಸೊಪ್ಪಿನ ಪಾಯಸವನ್ನು ಎರಡನೆಯ ವರ್ಷದಲ್ಲಿ ಎರಡು ಚಮಚ ಅತ್ತೆಯವರೇ ತಿನ್ನಿಸಿದರು. ಅದು ಅವರ ಸಂತೋಷ, ತೂಕದ ಲೆಕ್ಕಕ್ಕೆ ನಾನು ಅದನ್ನು ಸೇರಿಸಿಲ್ಲ.

ಎರಡನೆಯ ಹುಟ್ಟುಹಬ್ಬಕ್ಕೆ ತೂಕ 9.3 ಕಿಲೋ, ಹಸಿರಿನ ಅಂಚು. ಒಂದು ವರ್ಷ ತುಂಬಿದ ಮೇಲೆ ಮಗು ವರ್ಷಕ್ಕೆ ಎರಡು ಎರಡೂವರೆ ಕಿಲೋದಷ್ಟೇ ಏರುವುದು ಸಹಜವಾದ್ದರಿಂದ, ಹಿಂದೆ ಬಿದ್ದವರು ಸೇರಿಕೊಳ್ಳಲು ಕಾಲ ಹಿಡಿಯುತ್ತದೆ. ಹೀಗಾಗಿ ಮೂರನೆಯ ವರ್ಷದಲ್ಲಿ ನಾನು ಗುರಿಯನ್ನು ಹುಟ್ಟುಹಬ್ಬಕ್ಕೆ ಇಡದೆ ಮೇ ತಿಂಗಳ ಕೊನೆಗೆ ಇಟ್ಟೆ. ಫೆಬ್ರವರಿಯಿಂದ ದಿನಕ್ಕೆ ಮೂರು ಊಟ, ಎರಡು ಸಲ ಸರಿ, ಒಂದು ಮೊಟ್ಟೆ. ಮಳೆ ಹಿಡಿಯುವ ಮೊದಲೇ 11.5 ಕಿಲೋ ದಾಟಿಸಿದೆವು. ಮಳೆಯಲ್ಲಿ ಎರಡು ಸಲ ಜ್ವರ ಬಂತು, ಗೆರೆ ಮಲಗಲಿಲ್ಲ. ತಿಂಗಳ ಖರ್ಚು ರಾಗಿ, ಗಿರಣಿ, ಹೆಚ್ಚುವರಿ ಹಾಲು, ಮೊಟ್ಟೆ ಎಲ್ಲ ಸೇರಿ 900 ರೂಪಾಯಿಯ ಒಳಗೆ ಮುಗಿಯಿತು.

ಈ ಹುಟ್ಟುಹಬ್ಬಕ್ಕೆ ಅಂಗನವಾಡಿಯ ಮಕ್ಕಳಿಗೆಲ್ಲ ಅದೇ ಸರಿಯನ್ನು ಬೆಲ್ಲ ಹಾಕಿ ಕೊಂಡೊಯ್ದಿದ್ದೆ. ಟೀಚರಮ್ಮ ಕೇಳಿದರೆಂದು ಚಮಚ ಒರಗುವುದನ್ನು ಅಲ್ಲಿಯೇ ಮಾಡಿ ತೋರಿಸಿದೆ. ನಾದಿನಿಯ ಮಗನಿಗೆ ಈಗ ಏಳು ತಿಂಗಳು, ರಾಗಿ ಶೀತವೆಂದು ಮೊದಲು ಹೇಳಿದವರಲ್ಲಿ ಅವಳೂ ಒಬ್ಬಳು. ಕಳೆದ ವಾರ ಏಲಕ್ಕಿ ಕೋಣೆಯಲ್ಲಿ ಅವಳ ಪಾಲಿನ ಎರಡು ಸೇರು ರಾಗಿಯನ್ನೂ ನಾನೇ ಒಣಗಿಸಿ ಕಳುಹಿಸಿದ್ದೇನೆ.