ಮೌತ್‌ಪೀಸ್ ನನ್ನದು, ಗಾಳಿ ಅವರದು

2021ರ ಮೇ ತಿಂಗಳಲ್ಲಿ ನನಗೆ ಕೊರೋನ ಬಂದು ಹೋಯಿತು. ಆಸ್ಪತ್ರೆ ಸೇರುವಷ್ಟೇನಲ್ಲ, ಆದರೆ ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಎರಡು ತಿಂಗಳು ಏದುಸಿರು. ಹಾಗಾಗಿ ಡಿಸೆಂಬರಿನಲ್ಲಿ ಸಾಗರದಿಂದ ನಾವು ಮೂವರು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಡುವ ಮೊದಲು ನಾನು ಶಿವಮೊಗ್ಗಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ, ಶ್ವಾಸಕೋಶದ ಬಲ ಅಳೆಯುವ ಸ್ಪೈರೊಮೆಟ್ರಿ ಕೊಳವೆ ಊದಿ ಬಂದೆ.

"ಆಕ್ಸಿಮೀಟರ್ 98 ತೋರಿಸ್ತಿದೆಯಲ್ಲೋ, ಸಾಲದಾ?" ಅಂದ ಗೆಳೆಯ. ಸಾಲದು. ನೀರಿನ ಮೇಲೆ ಇರುವ ಒತ್ತಡ 10 ಮೀಟರ್ ಆಳದಲ್ಲಿ ಎರಡರಷ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಕಾಯಿಲೆಯ ಕಲೆ ಉಳಿದು, ಆ ಗಾಳಿಗೆ ಹೊರದಾರಿ ಸಿಗದಿದ್ದರೆ ಶ್ವಾಸಕೋಶ ಅಲ್ಲೇ ಹರಿದುಹೋಗಬಹುದು. ಡಾಕ್ಟರು ವರದಿ ನೋಡಿ ಸಹಿ ಹಾಕಿದ ಮೇಲೇ ಜೋಗದ ದಾರಿ ಹಿಡಿದದ್ದು. ಕಾರಿನ ಕಿಟಕಿ ಇಳಿಸಿ, ಮನೆಯ ಅಕ್ಕಿ ರೊಟ್ಟಿ ಕಟ್ಟಿಕೊಂಡು, ಹೊನ್ನಾವರ ಬಳಸಿ ಮುರ್ಡೇಶ್ವರ.

ಅಲ್ಲಿನ ಡೈವಿಂಗ್ ಕೇಂದ್ರದಲ್ಲಿ ಕಂಡದ್ದು ಒಂದೇ ನೀಲಿ ಟಬ್. ಹಿಂದಿನ ತಂಡದ ರೆಗ್ಯುಲೇಟರು (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಸಲಕರಣೆ), ಗಾಜಿನ ಡೈವಿಂಗ್ ಮಾಸ್ಕುಗಳೆಲ್ಲ ಅದೇ ನೀರಿನಲ್ಲಿ ಮುಳುಗೆದ್ದು ನಮ್ಮ ಕೈಗೆ ಬರುತ್ತಿದ್ದವು. ಬರೀ ನೀರಿನಲ್ಲಿ ಅದ್ದಿದರೆ ಉಪ್ಪು ಹೋದೀತು, ಎಂಜಲು ಹೋಗುತ್ತದೆಯೇ? ನಾನು ರೆಗ್ಯುಲೇಟರಿನಲ್ಲಿ ಹಲ್ಲಿಗೆ ಕಚ್ಚಿಕೊಳ್ಳುವ ಮೌತ್‌ಪೀಸನ್ನು ಸ್ವಂತದ್ದೇ ಒಯ್ದಿದ್ದೆ. ಕೇಳಿಕೊಂಡಾಗ ಕೇಂದ್ರದವರೇ ಹಳೆಯದರ ಪ್ಲಾಸ್ಟಿಕ್ ಟೈ ಕತ್ತರಿಸಿ ಕೂರಿಸಿಕೊಟ್ಟರು. ಆದರೂ ಅದರ ಹಿಂದಿನ ಡಬ್ಬಿಯಲ್ಲಿ ಇನ್ನೊಬ್ಬರ ಉಸಿರು ಆಡಿರುತ್ತದೆ. ಅದನ್ನು ಸೋಪಿನ ನೀರಿನಲ್ಲಿ ಉಜ್ಜಿದೆವು. ಆಮೇಲೆ ಒಂದು ಲೀಟರ್ ನೀರಿಗೆ ಶೇಕಡಾ 5ರ ಬ್ಲೀಚ್ 20 ಮಿಲಿ ಬೆರೆಸಿ, ಹತ್ತು ನಿಮಿಷ ನೆನೆಸಿ, ಬಾವಿಯ ನೀರಿನಲ್ಲಿ ಚೆನ್ನಾಗಿ ಜಾಲಿಸಿದ್ದಾಯಿತು. ಅದ್ದುವಾಗ ಸಿಲಿಂಡರಿಗೆ ಕೂರುವ ತುದಿಗೆ ಮುಚ್ಚಳ ಬಿಗಿದಿರಬೇಕು, ಗಾಳಿ ಹೊರಚಿಮ್ಮಿಸುವ ಪರ್ಜ್ ಗುಂಡಿ ಒತ್ತಬಾರದು. ಇಲ್ಲದಿದ್ದರೆ ಒಳಗೆ ನೀರು ನುಗ್ಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಕಲಸುವವರಿಗೆ ಈ ಅಳತೆಯ ಶಿಸ್ತು ಹೊಸದೇನಲ್ಲ. ಕೊಳೆ ಔಷಧಿಯಲ್ಲಿ ಹದ ತಪ್ಪಿದರೆ ಏನಾಗುತ್ತದೆಂದು ಕಂಡವರೇ ತಾನೇ.

ನೇತ್ರಾಣಿಗೆ ಸುಮಾರು 19 ಕಿ.ಮೀ. ಒಂದೂವರೆ ಗಂಟೆಯ ಆ ದೋಣಿಯೇ ನನ್ನ ಲೆಕ್ಕದಲ್ಲಿ ಸಮುದ್ರಕ್ಕಿಂತ ಅಪಾಯದ ಜಾಗ. ನೀರಿನೊಳಗೆ ಪ್ರತಿಯೊಬ್ಬರಿಗೂ ಅವರವರದೇ ಸಿಲಿಂಡರ್. ಮೇಲೆ ಮಾತ್ರ ಭುಜಕ್ಕೆ ಭುಜ ತಾಗಿಸಿಕೊಂಡು ಕೂರಬೇಕು. ಅಲೆ ಸಿಡಿದು ಮುಖದ ಮಾಸ್ಕ್ ಒದ್ದೆಯಾದರೆ ಅದಿದ್ದೂ ಪ್ರಯೋಜನವಿಲ್ಲ. ಅದಕ್ಕೆಂದೇ ಜಿಪ್ ಚೀಲದಲ್ಲಿ ತಲಾ ನಾಲ್ಕು ಒಣ ಮಾಸ್ಕ್ ಇಟ್ಟಿದ್ದೆವು. ಗೆಳೆಯನಿಗೆ ವಾಂತಿ ಬಂದಾಗ ಎರಡು ಒಟ್ಟಿಗೇ ಖರ್ಚಾದವು.

ಇಷ್ಟೆಲ್ಲ ಮಾಡಿಯೂ ಎಡವಿದ್ದು ನಾನೇ. ಗಾಜಿಗೆ ಮಬ್ಬು ಕಟ್ಟದಂತೆ ಡೈವಿಂಗ್ ಮಾಸ್ಕಿಗೆ ಉಗಿದು ಉಜ್ಜುವುದು ಹಳೆಯ ಚಾಳಿ. ಚೀಲದಲ್ಲಿ ಮಕ್ಕಳ ಶಾಂಪೂ ಇದ್ದರೂ ಮರೆತು ಉಗಿದೇಬಿಟ್ಟೆ! "ಮಾರಾಯ, ಏನು ಮಾಡ್ತಿದೀಯ?" ಎಂದು ಗೆಳೆಯ ಕೂಗಿದ. ಅದನ್ನು ಮತ್ತೆ ಸೋಪು ಹಾಕಿ ತೊಳೆದು, ಶಾಂಪೂ ಸವರಿ, ಎಲ್ಲರಿಗಿಂತ ಕೊನೆಗೆ ನೀರಿಗಿಳಿದೆ.

ಜೊತೆಗಾರರ ಬಳಿ ತುರ್ತಿಗೆಂದು ಇರುವ ಹೆಚ್ಚುವರಿ ರೆಗ್ಯುಲೇಟರನ್ನು ಪರೀಕ್ಷೆಗೆಂದು ಬಾಯಿಗಿಡುವುದು ಬೇಡ, ಅವರವರದನ್ನು ಅವರೇ ಊದಿ ನೋಡಿಕೊಳ್ಳುವುದು ಎಂದು ಮೊದಲೇ ಮಾತಾಗಿತ್ತು. ಆಳದಲ್ಲಿ ಯಾರಿಗಾದರೂ ಗಾಳಿ ಮುಗಿದರೆ ಮಾತ್ರ ಯಾವ ಮಡಿಯೂ ಇಲ್ಲ, ತಕ್ಷಣ ಕೊಡುವುದೇ.

ಮನೆಗೆ ಬಂದು ಮಾಸ್ಕ್, ಸ್ನಾರ್ಕೆಲ್, ಮೌತ್‌ಪೀಸ್ ತೊಳೆದು ಅಂಗಳದ ನೆರಳಿನಲ್ಲಿ ತೂಗುಹಾಕಿದೆ. ಅಡಿಕೆ ಸುಲಿಯಲು ಬಂದ ಪಕ್ಕದ ಮನೆಯ ಅಕ್ಕ ಒಮ್ಮೆ ಅತ್ತ ನೋಡಿ, "ಮುಂದಿನ ಮಳೆಗಾಲದಲ್ಲಿ ಔಷಧಿ ಹೊಡೀಲಿಕ್ಕಾ ಇದು?" ಎಂದು ಕೇಳಿದರು.