ಪೈಲಟ್ ತರಬೇತಿಗೆ ದುಡ್ಡು ಕಟ್ಟುವ ಮುನ್ನ ಮೂರು ದಿನ ರನ್‌ವೇ ಬಳಿ ನಿಂತು ಲೆಕ್ಕ ಹಾಕಿ

ಬೆಳಗಾವಿ ವಿಮಾನ ನಿಲ್ದಾಣದ ಪಕ್ಕದ ಸಾಂಬ್ರಾ, ಹೊನ್ನಿಹಾಳ ಕಡೆಯ ಹೊಲಗಳಲ್ಲಿ ಕೆಲಸ ಮಾಡುವವರಿಗೆ ಪುಟ್ಟ ತರಬೇತಿ ವಿಮಾನಗಳ ಸದ್ದು ಈಗ ಹೊಸದಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ವಿಮಾನ ತರಬೇತಿ ಶಾಲೆಗಳಿಗಾಗಿ ಮೊದಲು ಆರಿಸಿದ ಐದು ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿಯೂ ಕಲಬುರಗಿಯೂ ಇದ್ದವು. ಅಂದಿನಿಂದ ಗೋಕಾಕ, ಮುಧೋಳ, ಇಂಡಿ ಕಡೆಯ ಪಾಲಕರು ಕೇಳುವ ಪ್ರಶ್ನೆ ಒಂದೇ: ‘ಸಾಂಬ್ರಾದಾಗ ಸಾಲಿ ಐತಲ್ರಿ, ಮನಿಗೂ ಹತ್ರ. ಅಲ್ಲೇ ಹಚ್ಚಿದ್ರ ಆಗೂದಿಲ್ಲೇನ್ರಿ?’

ಆಗಬಹುದು. ಆದರೆ ಶಾಲೆ ಮನೆಗೆ ಹತ್ತಿರ ಇದೆ ಎಂಬುದು ಕೊನೆಗೆ ನೋಡುವ ವಿಷಯ. ಮೊದಲು ತಿಳಿಯಬೇಕಾದದ್ದು, ಆ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ತಿಂಗಳಿಗೆ ನಿಜವಾಗಿ ಎಷ್ಟು ಗಂಟೆ ಹಾರುತ್ತಾನೆ ಎಂಬುದು.

ಶಾಲೆಗಿಂತ ಮೊದಲು ವೈದ್ಯರು

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಗಣಿತ ತೆಗೆದುಕೊಳ್ಳದವರು ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಆ ವಿಷಯದ ಪರೀಕ್ಷೆ ಬರೆದುಕೊಳ್ಳಬಹುದು. ಲೈಸೆನ್ಸ್ ಕೈಗೆ ಬರಲು ವಯಸ್ಸು 18 ತುಂಬಿರಬೇಕು. ಇಷ್ಟಿದ್ದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾನ್ಯ ಮಾಡಿದ ವೈದ್ಯರ ಬಳಿ ಮೊದಲ ಹಂತದ ಕ್ಲಾಸ್ 2 ಆರೋಗ್ಯ ತಪಾಸಣೆ ಮುಗಿಸಿ, ನಂತರ ಇನ್ನೂ ಕಟ್ಟುನಿಟ್ಟಿನ ಕ್ಲಾಸ್ 1 ಮಾಡಿಸಿ. ಕ್ಲಾಸ್ 1 ತಪಾಸಣೆ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ನಡೆಯುತ್ತದೆ. ಕನ್ನಡಕ ಅಡ್ಡಿಯಲ್ಲ, ಬಣ್ಣ ಗುರುತಿಸುವ ದೃಷ್ಟಿ ಮಾತ್ರ ಸರಿಯಿರಬೇಕು. ಎರಡೂ ತಪಾಸಣೆ ಪಾಸಾಗುವವರೆಗೆ ಯಾವ ಶಾಲೆಗೂ ಒಂದು ರೂಪಾಯಿ ಕಟ್ಟಬೇಡಿ.

ತಪಾಸಣೆ ಮುಗಿಯಲು ಕಾಯುವ ತಿಂಗಳುಗಳಲ್ಲೇ ಡಿಜಿಸಿಎ ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷೆಯ ನೋಂದಣಿ ಸಂಖ್ಯೆ, ಪಡೆದು ಏರ್ ನ್ಯಾವಿಗೇಷನ್, ಹವಾಮಾನ, ನಿಯಮಗಳು, ಟೆಕ್ನಿಕಲ್ ಪೇಪರುಗಳಿಗೆ ಓದಲು ಕೂರಬೇಕು. ಪಾಸಾಗಲು ಪ್ರತಿ ಪೇಪರಿನಲ್ಲೂ ಶೇ 70 ಅಂಕ ಬೇಕು. ಪೇಪರ್ ಮುಗಿಸಿಕೊಂಡು ಹಾರಲು ಹೋದವರಿಗೂ ಹಾಸ್ಟೆಲ್ ಬಾಡಿಗೆ ಕೊಡುತ್ತಾ ಓದುವವರಿಗೂ ಲಕ್ಷಗಳ ವ್ಯತ್ಯಾಸ ಬೀಳುತ್ತದೆ.

ಗಂಟೆಗಳ ಗಣಿತ

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಕಮಾಂಡಿನಲ್ಲಿರಬೇಕು, ಅಂದರೆ ವಿಮಾನದ ಪೂರ್ತಿ ಹೊಣೆ ತನ್ನದೇ ಆಗಿರಬೇಕು, 5 ಗಂಟೆ ರಾತ್ರಿ ಹಾರಾಟ ಇರಬೇಕು. ಜೊತೆಗೆ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 556 ಕಿ.ಮೀ.ಗೆ, ಕಡಿಮೆಯಿಲ್ಲದ ಒಂದು ದೂರ ಪ್ರಯಾಣ ಮಾಡಿ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ನಿಲ್ಲಿಸಬೇಕು.

ಈಗ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಕರಪತ್ರದಲ್ಲಿ 10 ವಿಮಾನ ಎಂದಿದೆ. ರಿಪೇರಿ, ತಪಾಸಣೆ ಕಳೆದು ದಿನಕ್ಕೆ 6 ಹಾರುತ್ತವೆ. ಒಂದೊಂದು 5 ಗಂಟೆಯಂತೆ ದಿನಕ್ಕೆ 30 ಗಂಟೆ, ತಿಂಗಳಲ್ಲಿ 25 ದಿನ ಹಾರಿದರೆ 750 ಗಂಟೆ. ವಿದ್ಯಾರ್ಥಿಗಳು 90. ತಲೆಗೆ ಬರುವುದು ಎಂಟು ಗಂಟೆ ಚಿಲ್ಲರೆ. ಹೀಗಾದರೆ 200 ಗಂಟೆಗೆ ಎರಡು ವರ್ಷ. ಅಷ್ಟೇ ವಿಮಾನಗಳಿದ್ದು 40 ವಿದ್ಯಾರ್ಥಿಗಳಿದ್ದರೆ ಹನ್ನೊಂದು ತಿಂಗಳು ಸಾಕು. ಕರಪತ್ರದಲ್ಲಿ ಮೊದಲ ಸಂಖ್ಯೆ ಇರುತ್ತದೆ, ಉಳಿದವನ್ನು ನಾವೇ ಕೇಳಿ ತಿಳಿಯಬೇಕು.

ನಮ್ಮ ಅಕ್ಕನ ಮಗ ಹೊರರಾಜ್ಯದ ಒಂದು ಶಾಲೆಗೆ ಪೂರ್ತಿ ಫೀ ಒಂದೇ ಸಲ ಕಟ್ಟಿ ಸೇರಿದ. ಮೂರು ತಿಂಗಳಿಗೆ ಬೋಧಕರೊಬ್ಬರು ಬಿಟ್ಟುಹೋದರು, ಎರಡು ವಿಮಾನ ಹ್ಯಾಂಗರಿನಲ್ಲೇ ನಿಂತವು. ಅವನು ಐದು ತಿಂಗಳು ನೆಲದ ಮೇಲೆ ಕೂತ. ಅಕ್ಕ ಫೋನಿನಲ್ಲಿ ‘ಇವತ್ತರೆ ಹಾರಿದೇನಪಾ?’ ಎಂದು ಕೇಳುವುದನ್ನೇ ಬಿಟ್ಟಳು. ಈ ಲೇಖನ ಬರೆಯಲು ಕೂತದ್ದು ಆ ಐದು ತಿಂಗಳ ಕಾರಣಕ್ಕೆ.

ಹೋಗಿ ನೋಡುವುದು ಹೇಗೆ?

ಡಿಜಿಸಿಎ ಜಾಲತಾಣದಲ್ಲಿ ಮಾನ್ಯ ಶಾಲೆಗಳ ಪಟ್ಟಿ ಇದೆ. 2025ರಿಂದ ಶಾಲೆಗಳಿಗೆ ದರ್ಜೆಯನ್ನೂ ಕೊಡುತ್ತಿದ್ದಾರೆ. ಅಲ್ಲಿಂದ ಮೂರ್ನಾಲ್ಕು ಹೆಸರು ಬರೆದುಕೊಂಡು, ಮಗ ಅಥವಾ ಮಗಳನ್ನು ಕರೆದುಕೊಂಡು ಖುದ್ದಾಗಿ ಹೋಗಿ. ಒಂದು ದಿನ ಸಾಲದು, ಮೂರು ದಿನ ಇರಿ. ಬೆಳಿಗ್ಗೆ ಎಷ್ಟು ವಿಮಾನ ಎದ್ದವು, ಸಂಜೆಯವರೆಗೆ ಎಷ್ಟು ಸಲ ಇಳಿದವು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ.

ಕಚೇರಿಯವರ ಮಾತಿಗಿಂತ ಕ್ಯಾಂಟೀನಿನಲ್ಲಿ ಕೂತ ಹುಡುಗರ ಮಾತು ಹೆಚ್ಚು ಉಪಯೋಗ. ಸೇರಿ ಎಂಟು ತಿಂಗಳಾದ ಒಬ್ಬರನ್ನು ಹುಡುಕಿ, ಹಾರಿದ ಗಂಟೆಗಳ ಲೆಕ್ಕವಿರುವ ಲಾಗ್‌ಬುಕ್ ತೋರಿಸಲು ವಿನಯದಿಂದ ಕೇಳಿ. ಕಳೆದ ಮೂರು ತಿಂಗಳ ಪುಟ ಸಾಕು. ಮುಖ್ಯ ಬೋಧಕರು ಪೂರ್ಣಾವಧಿ ಇದ್ದಾರೆಯೇ, 50 ಮತ್ತು 100 ಗಂಟೆ ಹಾರಿದ ವಿಮಾನಗಳ ತಪಾಸಣೆ ಅಲ್ಲೇ ಆಗುತ್ತದೆಯೇ, ಇಂಧನ ತಪ್ಪದೆ ಬರುತ್ತದೆಯೇ ಎಂದು ಕೇಳಿ. ಸೆಸ್ನಾದಂಥ ಬಹಳಷ್ಟು ತರಬೇತಿ ವಿಮಾನಗಳಿಗೆ ಏವ್‌ಗ್ಯಾಸ್ ಎಂಬ ವಿಮಾನ ಪೆಟ್ರೋಲ್ ಬೇಕು. ಅದರ ಟ್ಯಾಂಕರ್ ತಡವಾದರೆ ಆಕಾಶ ತಿಳಿಯಾಗಿದ್ದರೂ ಹಾರಾಟವಿಲ್ಲ. ಸುರಕ್ಷತೆಯ ಬಗ್ಗೆ ಕೇಳಲು ಸಂಕೋಚ ಬೇಡ. ಹಿಂದೆ ಅವಘಡ ಆಗಿದ್ದರೆ ಆಮೇಲೆ ಏನು ಬದಲಾಯಿಸಿದರು ಎಂದು ಕೇಳಿ. ಉತ್ತರ ಹೇಳದೆ ಮಾತು ತಿರುಗಿಸುವ ಶಾಲೆಗೆ ನಾನಂತೂ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ.

ಮಳೆ, ಮಂಜು, ಬಿಸಿಲು

ಬೆಳಗಾವಿ ಸಹ್ಯಾದ್ರಿಯ ಅಂಚಿನ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿದು ಕೂತರೆ ಹೊಸಬರ ಹಾರಾಟ ನಿಲ್ಲುತ್ತದೆ. ಕಲಬುರಗಿಯಲ್ಲಿ ಮಳೆ ಕಡಿಮೆ, ಆದರೆ ಏಪ್ರಿಲ್–ಮೇ ಮಧ್ಯಾಹ್ನ ಕಾದ ಗಾಳಿಯಲ್ಲಿ ಪುಟ್ಟ ವಿಮಾನ ಕುಲುಕುತ್ತದೆ, ಏರಲು ತಿಣುಕುತ್ತದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಅಕಾಡೆಮಿಯಿದೆ, ಪ್ರವೇಶಕ್ಕೆ ಪರೀಕ್ಷೆ ಬರೆಯಬೇಕು. ಅಲ್ಲಿ ಡಿಸೆಂಬರ್–ಜನವರಿಯ ಮಂಜು ಕಾಡುತ್ತದೆ. ವರ್ಷವಿಡೀ ಹಾರುವ ಊರು ಎಲ್ಲೂ ಇಲ್ಲ. ಹಾರದ ತಿಂಗಳುಗಳಲ್ಲಿ ನೆಲದ ಪಾಠ, ಸಿಮ್ಯುಲೇಟರ್ (ನೆಲದಲ್ಲೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರ) ನಡೆಸುವ ಶಾಲೆಯನ್ನು ಆರಿಸಿಕೊಳ್ಳಿ.

ಇನ್‌ಸ್ಟ್ರುಮೆಂಟ್ ರೇಟಿಂಗ್

ಮೋಡದೊಳಗೆ ಹೊರಗಿನದೇನೂ ಕಾಣದಾಗ ಮುಂದಿನ ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತೆ ಇದು. ಇದಿಲ್ಲದೆ ವಿಮಾನ ಕಂಪನಿಯ ಬಾಗಿಲು ತೆರೆಯುವುದಿಲ್ಲ. ಇದಕ್ಕೆ 40 ಗಂಟೆ ಉಪಕರಣ ಹಾರಾಟ ಬೇಕು. ಅದರಲ್ಲಿ 20 ಗಂಟೆಯವರೆಗೆ ಮಾನ್ಯತೆ ಪಡೆದ ಸಿಮ್ಯುಲೇಟರಿನಲ್ಲಿ ಮಾಡಬಹುದು. ಕಮಾಂಡಿನಲ್ಲಿ 50 ಗಂಟೆ ದೂರ ಪ್ರಯಾಣವೂ ಇರಬೇಕು.

ಬಹಳ ಮಂದಿ ಎಡವುವುದು ಇಲ್ಲೇ. ಸಿಂಗಲ್ ಎಂಜಿನ್ ವಿಮಾನ ಬೇಕಾದಷ್ಟಿರುತ್ತವೆ, ಅವಳಿ ಎಂಜಿನ್‌ನದು ಒಂದೇ ಇರುತ್ತದೆ. ಕೊನೆಯ ಗಂಟೆಗಳೂ ಈ ರೇಟಿಂಗೂ ಸಾಮಾನ್ಯವಾಗಿ ಅದರಲ್ಲೇ ಆಗುವುದರಿಂದ, ಅದು ಕೆಟ್ಟರೆ 185 ಗಂಟೆ ಮುಗಿಸಿದವರೆಲ್ಲ ಸಾಲಿನಲ್ಲಿ ಕಾಯಬೇಕು. ಅವಳಿ ಎಂಜಿನ್ ವಿಮಾನ ಎಷ್ಟಿವೆ, ಸಿಮ್ಯುಲೇಟರಿನ ಮಾನ್ಯತೆ ಯಾವ ತಾರೀಕಿನವರೆಗಿದೆ, ಸದ್ಯ ಎಷ್ಟು ಮಂದಿ ಕಾಯುತ್ತಿದ್ದಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಈ ರೇಟಿಂಗನ್ನು ವರ್ಷ ವರ್ಷ ನವೀಕರಿಸಬೇಕು. ಕೆಲಸ ಸಿಗುವುದು ತಡವಾದರೆ ಆ ಖರ್ಚೂ ಬರುತ್ತದೆ.

ಅಮೆರಿಕ, ದಕ್ಷಿಣ ಆಫ್ರಿಕಾ ಕಡೆ ಹೋಗುವವರು ಒಂದು ನೆನಪಿಡಬೇಕು. ಅಲ್ಲಿಯ ಲೈಸೆನ್ಸನ್ನು ಇಲ್ಲಿ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಆಗ ಡಿಜಿಸಿಎ ನೋಡುವುದು ತನ್ನದೇ ಲೆಕ್ಕವನ್ನು. ಅರ್ಜಿಗೆ ಹಿಂದಿನ ಆರು ತಿಂಗಳಲ್ಲಿ ಕಮಾಂಡಿನ 15 ಗಂಟೆ ಇಲ್ಲದಿದ್ದರೆ ಮತ್ತೆ ದುಡ್ಡು ಕೊಟ್ಟು ಹಾರಬೇಕು.

ಸಾಲ ಮತ್ತು ಕರಾರು

ಶಿಕ್ಷಣ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ನಮ್ಮ ಕಡೆ ಅಡಮಾನ ಎಂದರೆ ಕಬ್ಬಿನ ಹೊಲ. ಆದರೆ ಸಾಲ ತೀರದಿದ್ದರೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ ಹೊರಗೆ ಕೃಷಿ ಜಮೀನು ಇರುವುದರಿಂದ ಬ್ಯಾಂಕಿನವರು ಎನ್‌ಎ (ಕೃಷಿಯೇತರ) ಆದ ಪ್ಲಾಟು ಅಥವಾ ಮನೆಯನ್ನೇ ಬಯಸುತ್ತಾರೆ. ಇದನ್ನು ಶಾಲೆಗೆ ಸೀಟು ಗೊತ್ತುಮಾಡುವ ಮೊದಲೇ ಮ್ಯಾನೇಜರ್ ಬಳಿ ಮಾತಾಡಿ ಮುಗಿಸಿ. ವಿಮಾನ ಕಂಪನಿ ಸೇರಲು ಬೇಕಾಗುವ ಟೈಪ್ ರೇಟಿಂಗ್, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಅದರ ಖರ್ಚು ಬೇರೆಯೇ ಎಂಬುದೂ ಆ ಲೆಕ್ಕದಲ್ಲಿರಲಿ.

ಫೀ ಯಾವತ್ತೂ ಕಂತಿನಲ್ಲಿ, ಹಾರಿದ ಗಂಟೆಗೆ ತಕ್ಕಂತೆ ಕಟ್ಟಿ. ಪೂರ್ತಿ ಕಟ್ಟಿದರೆ ರಿಯಾಯಿತಿ ಎಂದರೂ ಬೇಡ. ಇಂಧನ ದರ ಏರಿದರೆ ಯಾರು ಭರಿಸಬೇಕು, ಪರೀಕ್ಷಾ ಹಾರಾಟದ ಶುಲ್ಕ ಸೇರಿದೆಯೇ, 200 ಗಂಟೆ ಮೀರಿದರೆ ಗಂಟೆಗೆ ಎಷ್ಟು, ನಡುವೆ ಬಿಟ್ಟರೆ ಹಾರದ ಗಂಟೆಗಳ ಹಣ ಎಷ್ಟು ದಿನದಲ್ಲಿ ವಾಪಸ್, ಈ ನಾಲ್ಕೂ ಕರಾರಿನಲ್ಲಿ ಇರಬೇಕು. ಸಹಿ ಹಾಕುವ ಮೊದಲು ಕರಾರಿನ ಪ್ರತಿಯನ್ನು ಮನೆಗೆ ತಂದು, ಪರಿಚಯದ ವಕೀಲರೊಬ್ಬರಿಗೆ ತೋರಿಸಿ.